ವೇತಾಳನ ಉಡುಪು, ಕಲ್ಯಾಣದ ಬೆಡಗು

ರಕ್ತ ಹೀರಿ ಬದುಕುವ ಪ್ರೇತವನ್ನು ನಾಯಕನನ್ನಾಗಿಯೋ ನಾಯಕಿಯನ್ನಾಗಿಯೋ ಮಾಡಿಕೊಂಡು, ಭಯಕ್ಕಿಂತ ನಗೆಗೆ ಹೆಚ್ಚು ಎಡೆಕೊಟ್ಟು, ಉಡುಗೆ ತೊಡುಗೆಗಳ ಬೆಡಗಿನ ಲೋಕದಲ್ಲಿ ಕಥೆಯನ್ನು ನಡೆಸುವ ಒಂದು ಬಗೆಯ ಲಘುಸಾಹಿತ್ಯ ಪಶ್ಚಿಮದ ದೇಶಗಳಲ್ಲಿ ಜನಪ್ರಿಯವಾಗಿದೆ. ಮುಪ್ಪು ಬಾರದ ರೂಪದರ್ಶಿ, ಹಗಲು ಹೊರಗೆ ಬಾರದ ವಸ್ತ್ರವಿನ್ಯಾಸಕ, ಕನ್ನಡಿಯಲ್ಲಿ ತನ್ನ ಬಿಂಬ ಕಾಣದೆ ಸಿಂಗರಿಸಿಕೊಳ್ಳಲು ಪರದಾಡುವ ಪ್ರೇತ, ಇಂಥವರು ಈ ಕಥೆಗಳ ಪಾತ್ರಧಾರಿಗಳು. ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಈ ಸಾಹಿತ್ಯಕ್ಕೂ ಯಾವ ನಂಟೂ ಇರಲಾರದೆಂದು ಮೇಲುನೋಟಕ್ಕೆ ತೋರುವುದು ಸಹಜವೇ ಆದರೂ, ಹೆಣದ ಒಳಹೊಕ್ಕು ಮಾತನಾಡುವ ವೇತಾಳನ ಕಥೆಗಳು ಕಾಶ್ಮೀರದ ಅರಮನೆಯಲ್ಲಿ ಸಂಸ್ಕೃತ ರೂಪ ತಾಳಿದ ಕಾಲದಲ್ಲಿ, ಆ ಅರಮನೆಯನ್ನೇ ಮರುಳುಮಾಡಿದ ಉಡುಪಿನ ಬೆಡಗು ಇಂದಿನ ಬಸವಕಲ್ಯಾಣವಾದ ಕಲ್ಯಾಣವನ್ನು ರಾಜಧಾನಿಯಾಗಿಸಿಕೊಂಡಿದ್ದ ಕರ್ಣಾಟದ್ದಾಗಿತ್ತು ಎಂಬುದನ್ನು ನೆನೆದಾಗ ಈ ವಿಷಯ ಕನ್ನಡಿಗರಿಗೆ ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ.

ಮೊದಲು ಪಶ್ಚಿಮದ ವ್ಯಾಂಪೈರನ್ನು ಚುಟುಕಾಗಿ ಪರಿಚಯಿಸಿಕೊಳ್ಳುವುದು ಒಳ್ಳೆಯದು. ಪೂರ್ವ ಯುರೋಪಿನ ಹಳ್ಳಿಗರ ನಂಬಿಕೆಯಲ್ಲಿ ವ್ಯಾಂಪೈರ್ ಎಂದರೆ ಗೋರಿಯಿಂದ ಎದ್ದುಬಂದು ನೆಂಟರಿಷ್ಟರ ರಕ್ತ ಹೀರುವ, ಊದಿಕೊಂಡ ಮೈಯ, ಹೆಣಕ್ಕೆ ಹೊದಿಸಿದ ಬಟ್ಟೆಯಲ್ಲೇ ಅಲೆಯುವ ಒಂದು ಹೇಸಿಗೆಯ ಜೀವವಾಗಿತ್ತು. ಜಾನ್ ಪೊಲಿಡೋರಿ 1819ರಲ್ಲಿ ಪ್ರಕಟಿಸಿದ ಒಂದು ನೀಳ್ಗತೆಯಲ್ಲಿ ಅದು ಮೊದಲ ಬಾರಿಗೆ ಲಂಡನ್ನಿನ ಸಿರಿವಂತರ ಕೂಟಗಳಲ್ಲಿ ಓಡಾಡುವ ಪ್ರಭುವಾಗಿ ಕಾಣಿಸಿಕೊಂಡಿತು. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರಿಯಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟ, ಕನ್ನಡಿಯಲ್ಲಿ ಬಿಂಬ ಮೂಡದ ಮುದುಕನಾಯಿತು. ಇಂದು ಡ್ರಾಕುಲಾ ಎಂದೊಡನೆ ಕಣ್ಣಮುಂದೆ ಬರುವ ಎತ್ತರದ ಕೊರಳಪಟ್ಟಿಯ ನಿಲುವಂಗಿ ಕಾದಂಬರಿಯಿಂದ ಬಂದದ್ದಲ್ಲ. 1924ರಲ್ಲಿ ಹ್ಯಾಮಿಲ್ಟನ್ ಡೀನ್ ಆ ಕಥೆಯನ್ನು ಇಂಗ್ಲೆಂಡಿನಲ್ಲಿ ನಾಟಕವಾಗಿ ಆಡಿಸಿದಾಗ, ಪಾತ್ರಧಾರಿ ಬೆನ್ನು ತಿರುಗಿಸಿ ರಂಗದ ನೆಲದ ಬಾಗಿಲಿನೊಳಗೆ ಜಾರಿ ಮರೆಯಾಗುವಾಗ ಪ್ರೇಕ್ಷಕರಿಗೆ ಅವನ ತಲೆ ಕಾಣದಿರಲೆಂದು ಕೊರಳಪಟ್ಟಿಯನ್ನು ಎತ್ತರಿಸಲಾಯಿತು. 1931ರ ಚಲನಚಿತ್ರದಲ್ಲಿ ಬೆಲಾ ಲುಗೋಸಿ ಆ ಬಗೆಯ ಉಡುಪನ್ನು ತೊಟ್ಟ ಮೇಲೆ ಅದು ಲೋಕಪ್ರಸಿದ್ಧವಾಯಿತು. ಪ್ರೇತದ ರೂಪವನ್ನು ಕಟ್ಟುವುದರಲ್ಲಿ ಕವಿಯಷ್ಟೇ ಪಾಲು ದರ್ಜಿಗೂ ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 1992ರ 'ಡ್ರಾಕುಲಾ' ಚಿತ್ರದ ಉಡುಪುಗಳಿಗಾಗಿ ಜಪಾನಿನ ಎಯ್ಕೊ ಇಶಿಯೊಕಾ ಆಸ್ಕರ್ ಪ್ರಶಸ್ತಿ ಪಡೆದರು.

ನಗೆಯ ಕಡೆಗೆ ತಿರುಗಿದ ಕೃತಿಗಳಲ್ಲಿ ಎರಡನ್ನು ಹೆಸರಿಸಿದರೆ ಸಾಕು. 1979ರ 'ಲವ್ ಅಟ್ ಫಸ್ಟ್ ಬೈಟ್' ಎಂಬ ಅಮೆರಿಕದ ಚಿತ್ರದಲ್ಲಿ ತನ್ನ ಕೋಟೆಯನ್ನು ಕಳೆದುಕೊಂಡ ಡ್ರಾಕುಲಾ ನ್ಯೂಯಾರ್ಕಿಗೆ ಬಂದು ಫ್ಯಾಷನ್ ರೂಪದರ್ಶಿಯೊಬ್ಬಳಿಗೆ ಮನಸೋಲುತ್ತಾನೆ. 2014ರ ನ್ಯೂಜಿಲೆಂಡಿನ 'ವಾಟ್ ವಿ ಡು ಇನ್ ದ ಶ್ಯಾಡೋಸ್' ಚಿತ್ರದಲ್ಲಿ ಒಂದೇ ಮನೆಯಲ್ಲಿ ವಾಸಿಸುವ ಪ್ರೇತಗಳು, ಕನ್ನಡಿ ತಮಗೆ ಒದಗದಿರುವುದರಿಂದ, ಹೊರಗೆ ಹೊರಡುವ ಮುನ್ನ ತೊಟ್ಟ ಬಟ್ಟೆ ಹೇಗೆ ಕಾಣುತ್ತಿದೆಯೆಂದು ಒಬ್ಬರನ್ನೊಬ್ಬರು ನೆಚ್ಚಬೇಕಾಗುತ್ತದೆ. ಸಿಂಗಾರಕ್ಕೆ ಕನ್ನಡಿ ಬೇಕು, ಪ್ರೇತಕ್ಕೆ ಕನ್ನಡಿ ಇಲ್ಲ. ಈ ಪ್ರಕಾರದ ಅರ್ಧದಷ್ಟು ಹಾಸ್ಯ ಈ ಇಕ್ಕಟ್ಟಿನಿಂದಲೇ ಹುಟ್ಟುತ್ತದೆ.

ವೇತಾಳ ಅಥವಾ ಬೇತಾಳ ಎಂಬುದು ಈ ವ್ಯಾಂಪೈರಿನ ನೇರ ದಾಯಾದಿಯಲ್ಲ. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಗ್ರಂಥದ ಹೆಸರಿನಲ್ಲೇ ಕಥೆಯ ಅರಸ ವಿಕ್ರಮನ ಪಕ್ಕದಲ್ಲಿ ವ್ಯಾಂಪೈರನ್ನು ನಿಲ್ಲಿಸಿದ್ದರಿಂದ ಇವೆರಡೂ ಒಂದೇ ಎಂಬ ಭಾವನೆ ಹರಡಿತು. ಆದರೆ ವೇತಾಳ ತನ್ನದೇ ಹೆಣವಾಗಿ ಎದ್ದುಬರುವುದಿಲ್ಲ. ಅದಕ್ಕೆ ಸ್ವಂತದ ಮೈ ಇಲ್ಲದೆ, ಸುಡುಗಾಡಿನಲ್ಲಿ ಸಿಕ್ಕ ಯಾರದೋ ಹೆಣವನ್ನು ಹೊಕ್ಕು ಅದರ ಬಾಯಿಂದ ನಗುತ್ತದೆ, ಮಾತನಾಡುತ್ತದೆ, ಕಥೆ ಹೇಳುತ್ತದೆ. ದೇಹವನ್ನು ಬಟ್ಟೆಗೆ ಹೋಲಿಸುವುದು ಭಗವದ್ಗೀತೆಯನ್ನು ಓದಿದವರಿಗೆ ಹೊಸದೇನಲ್ಲ, ಮತ್ತು ಆ ಹೋಲಿಕೆಯನ್ನು ಅಕ್ಷರಶಃ ಬದುಕುವ ಜೀವ ವೇತಾಳವೊಂದೇ: ಪರರ ಮೈಯನ್ನೇ ಅಂಗಿಯಂತೆ ತೊಟ್ಟು ಕಳಚುವುದು ಅದರ ದಿನಚರಿ. ಹೊರಗೆ ಕಾಣುವುದು ಯಾವುದು, ಒಳಗಿರುವವರು ಯಾರು ಎಂಬ ಪ್ರಶ್ನೆಯೇ ಉಡುಪಿನ ಲೋಕದ ಮೂಲಪ್ರಶ್ನೆಯೂ ಆಗಿರುವುದರಿಂದ, ಬೆಡಗಿನ ಕಥೆಗೆ ವ್ಯಾಂಪೈರಿಗಿಂತ ವೇತಾಳವೇ ಹೆಚ್ಚು ಯೋಗ್ಯವಾದ ಪಾತ್ರ.

ವೇತಾಳನ ಇಪ್ಪತ್ತೈದು ಕಥೆಗಳು ಇಂದು ದೊರೆಯುವ ಪ್ರಸಿದ್ಧ ಪಾಠಗಳಲ್ಲಿ ಒಂದು ಸೋಮದೇವನ 'ಕಥಾಸರಿತ್ಸಾಗರ'ದಲ್ಲಿದೆ. ಗೋದಾವರಿ ದಂಡೆಯ ಪ್ರತಿಷ್ಠಾನದ, ಎಂದರೆ ಇಂದಿನ ಪೈಠಣದ, ಅರಸ ತ್ರಿವಿಕ್ರಮಸೇನನ ಆಸ್ಥಾನಕ್ಕೆ ಕ್ಷಾಂತಿಶೀಲನೆಂಬ ಭಿಕ್ಷು ನಿತ್ಯವೂ ಬಂದು ಒಂದೊಂದು ಹಣ್ಣು ಕೊಟ್ಟುಹೋಗುತ್ತಾನೆ, ಆ ಹಣ್ಣುಗಳೊಳಗೆ ರತ್ನಗಳಿರುತ್ತವೆ, ಅದರ ಋಣಕ್ಕೆ ಕಟ್ಟುಬಿದ್ದ ಅರಸ ಕೃಷ್ಣಪಕ್ಷದ ಇರುಳಿನ ಕತ್ತಲಲ್ಲಿ ಸುಡುಗಾಡಿನ ಶಿಂಶಪೆಯ ಮರದಿಂದ ಹೆಣವನ್ನು ಇಳಿಸಿ ಹೆಗಲ ಮೇಲೆ ಹೊತ್ತು ನಡೆಯುತ್ತಾನೆ, ಹೆಣದೊಳಗಿನ ವೇತಾಳ ದಾರಿಯಲ್ಲಿ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಕನ್ನಡದ ಮಕ್ಕಳಿಗೆ ಈ ಅರಸ 'ಛಲ ಬಿಡದ ತ್ರಿವಿಕ್ರಮ'ನಾಗಿ ಪರಿಚಿತನಾದದ್ದು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ಮದರಾಸಿನಲ್ಲಿ ಆರಂಭಿಸಿದ 'ಚಂದಮಾಮ'ದ ಮೂಲಕ. ಕಲಾವಿದ ಶಂಕರ್ ಬಿಡಿಸಿದ, ಕತ್ತಿ ಹಿರಿದು ಹೆಣ ಹೊತ್ತು ನಡೆವ ಅರಸನ ಚಿತ್ರ ಎಷ್ಟೋ ಮನೆಗಳಲ್ಲಿ ಇಂದಿಗೂ ನೆನಪಿನಲ್ಲಿ ಉಳಿದಿದೆ. ಇಪ್ಪತ್ತೈದು ಕಥೆ ಮುಗಿದ ಮೇಲೂ ಆ ಮಾಸಪತ್ರಿಕೆ ದಶಕಗಳ ಕಾಲ ಹೊಸಹೊಸ ಬೇತಾಳ ಕಥೆಗಳನ್ನು ಹೆಣೆದು ಪ್ರಕಟಿಸಿತು ಎಂಬುದು ಈ ಚೌಕಟ್ಟು ಎಷ್ಟು ಹಿಗ್ಗಬಲ್ಲದು ಎಂಬುದಕ್ಕೆ ಸಾಕ್ಷಿ.

ಸೋಮದೇವ ತನ್ನ ಗ್ರಂಥವನ್ನು 1063 ಮತ್ತು 1081ರ ನಡುವೆ, ಕಾಶ್ಮೀರದ ಅರಸ ಅನಂತನ ರಾಣಿ ಸೂರ್ಯಮತಿಯ ಮನರಂಜನೆಗಾಗಿ ರಚಿಸಿದನು. ಗಂಡ ಅನಂತನಿಗೂ ಮಗ ಕಲಶನಿಗೂ ನಡುವಿನ ವೈರದಲ್ಲಿ ಬೆಂದುಹೋಗುತ್ತಿದ್ದ ಆ ಹೆಂಗಸಿಗೆ ಕಥೆ ಒಂದು ನೆಮ್ಮದಿಯಾಗಿತ್ತು. ಕಲಶನ ಆಳ್ವಿಕೆಯಲ್ಲಿ ಕಾಶ್ಮೀರವನ್ನು ಬಿಟ್ಟು ದಕ್ಷಿಣಕ್ಕೆ ಹೊರಟ ಕವಿ ಬಿಲ್ಹಣನು ಅನೇಕ ರಾಜ್ಯಗಳನ್ನು ಸುತ್ತಿ ಕೊನೆಗೆ ಕಲ್ಯಾಣಕ್ಕೆ ಬಂದು, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿ ಎಂಬ ಪದವಿ ಪಡೆದು, ತನ್ನ ಒಡೆಯನನ್ನು ಕುರಿತು 'ವಿಕ್ರಮಾಂಕದೇವಚರಿತ'ವನ್ನು ಬರೆದನು. ಉಡುಪಿನ ವಿಷಯದಲ್ಲಿ ಬಿಲ್ಹಣನ ಕಣ್ಣು ಬಹಳ ಚುರುಕು. ದಾರಿಯಲ್ಲಿ ಕಂಡ ಗುರ್ಜರರು ಕಚ್ಚೆ ಕಟ್ಟುವುದಿಲ್ಲವೆಂದು ಆತ ತನ್ನ ಕಾವ್ಯದ ಕೊನೆಯ ಸರ್ಗದಲ್ಲಿ ಹಳಿದಿದ್ದಾನೆ. ಊರೂರು ಸುತ್ತಿದ ಪಂಡಿತನೊಬ್ಬ ಒಂದು ನಾಡನ್ನು ಅಳೆಯಲು ಅಲ್ಲಿಯವರ ಧೋತರದ ಕಟ್ಟನ್ನು ಅಳತೆಗೋಲಾಗಿ ಹಿಡಿದದ್ದು ಗಮನಿಸಬೇಕಾದ ಸಂಗತಿ.

ಹೆಚ್ಚು ರೋಚಕವಾದದ್ದು ಸೂರ್ಯಮತಿಯ ಮೊಮ್ಮಗ ಹರ್ಷನ ಕಥೆ. 1089ರಿಂದ 1101ರವರೆಗೆ ಕಾಶ್ಮೀರವನ್ನು ಆಳಿದ ಈತನ ಚರಿತ್ರೆಯನ್ನು ಕಲ್ಹಣನು ಹನ್ನೆರಡನೆಯ ಶತಮಾನದ ನಡುವಿನಲ್ಲಿ ಬರೆದ 'ರಾಜತರಂಗಿಣಿ'ಯಲ್ಲಿ ಸವಿಸ್ತಾರವಾಗಿ ಹೇಳಿದ್ದಾನೆ. ಅದರ ಪ್ರಕಾರ, ಹರ್ಷನಿಗೆ ಮೊದಲು ಆ ನಾಡಿನ ಜನ ಕೂದಲನ್ನು ಹಾಗೆಯೇ ಬಿಟ್ಟುಕೊಂಡು, ತಲೆಯುಡುಗೆಯಾಗಲಿ ಕಿವಿಯಾಭರಣವಾಗಲಿ ಇಲ್ಲದೆ ಇರುತ್ತಿದ್ದರು. ದಂಡನಾಯಕನೊಬ್ಬ ಜಡೆಯನ್ನು ಸಿಂಗರಿಸಿಕೊಂಡದ್ದಕ್ಕೂ ಮಂತ್ರಿಯೊಬ್ಬ ಬಣ್ಣದ ಗಿಡ್ಡ ಅಂಗಿ ತೊಟ್ಟದ್ದಕ್ಕೂ ಅರಸನ ಸಿಟ್ಟಿಗೆ ಗುರಿಯಾಗಿದ್ದರು. ಅಂಥ ನಾಡಿನಲ್ಲಿ ಹರ್ಷನು ಅರಸರಿಗೆ ತಕ್ಕ ಉಡುಪನ್ನು ಎಲ್ಲರೂ ಉಡಬಹುದೆಂದು ಬಳಕೆಗೆ ತಂದನು. ದಾಕ್ಷಿಣಾತ್ಯರ ಠೀವಿ ಅವನಿಗೆ ಬಲು ಇಷ್ಟವಾಗಿದ್ದರಿಂದ ನಾಣ್ಯವನ್ನು ಸಹ ಕರ್ಣಾಟದ ಮಾದರಿಯಲ್ಲಿ ಅಚ್ಚುಹಾಕಿಸಿದನೆಂದು ಕಲ್ಹಣ ಸ್ಪಷ್ಟವಾಗಿ ಹೇಳುತ್ತಾನೆ. ಫ್ಯಾಷನ್ ಎಂಬ ಮಾತಿಗೆ ಇಂದಿನ ಅರ್ಥವೇನೋ ಅದೆಲ್ಲ ಇಲ್ಲಿದೆ: ದೂರದ ಒಂದು ರಾಜಧಾನಿ ಮಾದರಿಯಾಗುವುದು, ಅರಮನೆಯವರು ಅದನ್ನು ಅನುಕರಿಸುವುದು, ಆಮೇಲೆ ಜನಸಾಮಾನ್ಯರು ಅರಮನೆಯನ್ನು ಅನುಸರಿಸುವುದು. ಆ ಮಾದರಿಯ ರಾಜಧಾನಿ ಕಲ್ಯಾಣವಾಗಿತ್ತು.

ಹರ್ಷನ ಮೋಹ ಬಟ್ಟೆಗೆ ನಿಲ್ಲಲಿಲ್ಲ. ಕರ್ಣಾಟದ ಒಡೆಯ ಪೆರ್ಮಾಡಿಯ ಅರಸಿ ಚಂದಲೆಯ ಚಿತ್ರಪಟವೊಂದನ್ನು ಕಂಡು ಆತ ಮರುಳಾಗಿ, ಹೊಗಳುಭಟರ ಮಾತಿಗೆ ಉಬ್ಬಿ, ಪೆರ್ಮಾಡಿಯನ್ನು ಸೋಲಿಸಿ ಅವಳನ್ನು ಪಡೆಯುವೆನೆಂದು ತುಂಬಿದ ಸಭೆಯಲ್ಲಿ ಶಪಥ ಮಾಡಿದನು. ಪೆರ್ಮಾಡಿ ಎಂದರೆ ಆರನೆಯ ವಿಕ್ರಮಾದಿತ್ಯನೇ. ಚಂದಲದೇವಿ ಕರಹಾಟದ ಶಿಲಾಹಾರ ವಂಶದ ರಾಜಕುಮಾರಿ, ಅವಳ ಸ್ವಯಂವರವನ್ನು ಬಿಲ್ಹಣ ತನ್ನ ಕಾವ್ಯದಲ್ಲಿ ವರ್ಣಿಸಿದ್ದಾನೆ. ಸಾವಿರ ಮೈಲಿಗೂ ಆಚೆಯ ಒಬ್ಬ ಹೆಂಗಸನ್ನು ಚಿತ್ರದಲ್ಲಿ ಮಾತ್ರ ನೋಡಿ ಒಬ್ಬ ಅರಸ ದಂಡೆತ್ತಿ ಹೊರಡಲು ಮುಂದಾದದ್ದನ್ನು ಕಲ್ಹಣ ನಗೆಪಾಟಲಿನ ಸಂಗತಿಯಾಗಿಯೇ ಹೇಳಿದ್ದಾನೆ. ಅಜ್ಜಿಗಾಗಿ ವೇತಾಳನ ಕಥೆ ಬರೆಯಲ್ಪಟ್ಟಿತು, ಮೊಮ್ಮಗ ಕಲ್ಯಾಣದ ಬೆಡಗಿಗೆ ಮರುಳಾದನು. ಒಂದೇ ಮನೆತನದ ಮೂರು ತಲೆಮಾರುಗಳೊಳಗೆ ಪ್ರೇತಕಥೆಯೂ ಕನ್ನಡನಾಡಿನ ಉಡುಪೂ ಹೀಗೆ ಒಂದೇ ಸೂರಿನಡಿ ಸೇರಿದ ಈ ಪ್ರಸಂಗವನ್ನು ಕನ್ನಡದ ಕಾದಂಬರಿಕಾರರು ಕೈಗೆತ್ತಿಕೊಂಡರೆ ಅದರಲ್ಲಿ ಹಾಸ್ಯಕ್ಕೂ ಕರುಣೆಗೂ ಧಾರಾಳವಾದ ಸಾಮಗ್ರಿ ದೊರೆಯುತ್ತದೆ.

ಕಥೆಯ ಬೇರನ್ನು ಇನ್ನಷ್ಟು ಕೆಳಗೆ ಹುಡುಕಿದರೆ ರಕ್ತದ ಪ್ರಸ್ತಾಪವೇ ಎದುರಾಗುತ್ತದೆ. ಸೋಮದೇವನ ಆಕರವಾದ 'ಬೃಹತ್ಕಥೆ'ಯನ್ನು ಗುಣಾಢ್ಯನು ಪಿಶಾಚನೊಬ್ಬನಿಂದ ಕೇಳಿ, ಪೈಶಾಚಿ ಎಂಬ ಪ್ರಾಕೃತದಲ್ಲಿ, ಕಾಡಿನಲ್ಲಿ ಮಸಿ ಸಿಗದೆ ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕಗಳಷ್ಟು ಬರೆದನೆಂದೂ, ಭಾಷೆ ಪೈಶಾಚಿಯೆಂಬ ಹಾಗೂ ಬರವಣಿಗೆ ರಕ್ತದ್ದೆಂಬ ಕಾರಣಕ್ಕೆ ಸಾತವಾಹನ ಅರಸ ಅದನ್ನು ತಿರಸ್ಕರಿಸಿದನೆಂದೂ, ನೊಂದ ಕವಿ ಒಂದೊಂದೇ ಓಲೆಯನ್ನು ಕಾಡಿನ ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕಿದನೆಂದೂ, ಕೊನೆಗೆ ಒಂದು ಲಕ್ಷ ಮಾತ್ರ ಉಳಿಯಿತೆಂದೂ ಐತಿಹ್ಯವಿದೆ. ಕೃತಿಯ ಒಳಗನ್ನು ನೋಡದೆ ಹೊರಗಿನ ವೇಷವನ್ನು ನೋಡಿ ಅದನ್ನು ತಳ್ಳಿಹಾಕಿದ ಅರಸನ ಈ ಕಥೆಯೂ ಒಂದರ್ಥದಲ್ಲಿ ಉಡುಪಿನ ಕಥೆಯೇ. ಈ ಗುಣಾಢ್ಯನ ಪರಂಪರೆಯನ್ನು ಕನ್ನಡಕ್ಕೆ ತಂದವನು ಚಾಲುಕ್ಯರ ಅಧಿಕಾರಿಯೇ ಎಂಬುದು ಹೆಮ್ಮೆಯ ವಿಷಯ: ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ, ಎಂದರೆ ಪರರಾಜ್ಯಗಳೊಡನೆ ಯುದ್ಧ ಮತ್ತು ಸಂಧಾನಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ದುರ್ಗಸಿಂಹನು 1031ರ ಸುಮಾರಿಗೆ ರಚಿಸಿದ ಕನ್ನಡ 'ಪಂಚತಂತ್ರ'ದಲ್ಲಿ ತನ್ನ ಕಥೆಗಳ ಮೂಲ ಬೃಹತ್ಕಥೆಯೆಂದು ನೆನೆದಿದ್ದಾನೆ.

ಕಲ್ಯಾಣದ ಉಡುಪು ಹೇಗಿತ್ತೆಂಬುದನ್ನು ತಿಳಿಯಲು ಊಹೆಗೆ ಹೋಗಬೇಕಿಲ್ಲ. ವಿಕ್ರಮಾದಿತ್ಯನ ಮಗ, ಸರ್ವಜ್ಞ ಚಕ್ರವರ್ತಿಯೆಂದು ಹೆಸರಾದ ಮೂರನೆಯ ಸೋಮೇಶ್ವರನು 1129ರಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ವಿಶ್ವಕೋಶ ಐದು ವಿಂಶತಿಗಳಾಗಿ, ಎಂದರೆ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳಾಗಿ ಹಂಚಿಕೆಯಾಗಿದೆ. ಅದರ ಮೂರನೆಯ ಭಾಗವಾದ ಉಪಭೋಗ ವಿಂಶತಿಯಲ್ಲಿ ಅರಸನು ಸ್ನಾನದಿಂದ ಆರಂಭಿಸಿ ಪಾದುಕೆ, ತಾಂಬೂಲ, ಗಂಧಲೇಪನ, ವಸ್ತ್ರ, ಮಾಲೆ, ಆಭರಣ, ಹಾಸಿಗೆಗಳವರೆಗೆ ಏನನ್ನು ಹೇಗೆ ಬಳಸಬೇಕೆಂಬ ವಿವರಗಳಿವೆ. ವಸ್ತ್ರೋಪಭೋಗದ ಅಧ್ಯಾಯ ಅಣಹಿಲವಾಡ, ಮೂಲಸ್ಥಾನ (ಇಂದಿನ ಮುಲ್ತಾನ್), ನಾಗಪಟ್ಟಣ, ಕಳಿಂಗ, ವಂಗ, ಸಿಂಹಳ, ಮಹಾಚೀನ ಮುಂತಾದ ಕಡೆಗಳಿಂದ ಬರುವ ಬಟ್ಟೆಗಳನ್ನು ಹೆಸರಿಸಿ, ಹತ್ತಿ, ರೇಷ್ಮೆ, ಉಣ್ಣೆಗಳ ಭೇದವನ್ನೂ ಬಣ್ಣಗಳನ್ನೂ ಹೇಳಿ, ಯಾವ ಋತುವಿಗೆ ಯಾವುದು ತಕ್ಕದ್ದೆಂಬುದನ್ನು ವಿಧಿಸುತ್ತದೆ. ಒಂಬತ್ತು ನೂರು ವರ್ಷಗಳ ಹಿಂದೆ ಬಸವಕಲ್ಯಾಣದ ಅರಮನೆಯ ಉಗ್ರಾಣದಲ್ಲಿ ಮುಲ್ತಾನಿನ ಬಟ್ಟೆಯ ಪಕ್ಕದಲ್ಲಿ ಚೀನದ ಬಟ್ಟೆ ಇದ್ದಿತೆಂಬುದನ್ನು ಈ ಪಟ್ಟಿಯೇ ಸೂಚಿಸುತ್ತದೆ. ಇದೇ ಗ್ರಂಥದ ನಾಲ್ಕನೆಯ ಭಾಗದಲ್ಲಿ ಕಥಾವಿನೋದಕ್ಕೆ ಒಂದು ಅಧ್ಯಾಯವೂ, ಐದನೆಯ ಭಾಗದಲ್ಲಿ ಒಗಟು ಬಿಡಿಸುವ ಪ್ರಹೇಳಿಕಾಕ್ರೀಡೆಗೆ ಇನ್ನೊಂದೂ ಮೀಸಲಾಗಿವೆ. ವೇತಾಳನ ಪ್ರತಿಯೊಂದು ಕಥೆಯೂ ಒಂದು ಒಗಟೇ ಆಗಿರುವುದರಿಂದ, ಬಟ್ಟೆಯನ್ನೂ ಕಥೆಯನ್ನೂ ಒಗಟನ್ನೂ ಒಂದೇ ಸುಖಜೀವನದ ಅಂಗಗಳೆಂದು ಬಗೆದ ಆಸ್ಥಾನ ಆ ಕಥೆಗಳಿಗೆ ಹೇಳಿ ಮಾಡಿಸಿದ ಆವರಣವೆನ್ನಬೇಕು.

ಇಂಥ ಸುಖಜೀವನವನ್ನು ವೇತಾಳ ಹೇಗೆ ನೋಡುತ್ತದೆ ಎಂಬುದಕ್ಕೆ ಎರಡು ಕಥೆಗಳನ್ನು ನೆನೆಯಬಹುದು. ಧರ್ಮಧ್ವಜನೆಂಬ ಅರಸನ ಮೂವರು ರಾಣಿಯರಲ್ಲಿ ಒಬ್ಬಳಿಗೆ ಕಿವಿಯಲ್ಲಿ ಮುಡಿದ ನೈದಿಲೆ ತೊಡೆಯ ಮೇಲೆ ಬಿದ್ದು ಗಾಯವಾಗುತ್ತದೆ, ಇನ್ನೊಬ್ಬಳಿಗೆ ಬೆಳದಿಂಗಳು ತಾಗಿ ಬೊಕ್ಕೆ ಏಳುತ್ತದೆ, ಮೂರನೆಯವಳಿಗೆ ಎಲ್ಲೋ ದೂರದಲ್ಲಿ ಒನಕೆಯಿಂದ ಕುಟ್ಟುವ ಸದ್ದು ಕೇಳಿದ ಮಾತ್ರಕ್ಕೆ ಅಂಗೈ ಕಂದುತ್ತದೆ. ಇವರಲ್ಲಿ ಹೆಚ್ಚು ಸುಕುಮಾರಿ ಯಾರೆಂದು ವೇತಾಳ ಕೇಳಿದಾಗ, ತಾಗದೆಯೇ ಕಂದಿದ ಮೂರನೆಯವಳೆಂದು ತ್ರಿವಿಕ್ರಮಸೇನ ಉತ್ತರಿಸುತ್ತಾನೆ. ಇನ್ನೊಂದು ಕಥೆಯಲ್ಲಿ ಊಟ, ಹೆಣ್ಣು, ಹಾಸಿಗೆ ಇವುಗಳಲ್ಲಿ ಅತಿ ನಾಜೂಕಿನ ಮೂವರು ಅಣ್ಣತಮ್ಮಂದಿರಿದ್ದು, ಹಾಸಿಗೆಯ ನಾಜೂಕಿನವನಿಗೆ ಏಳು ಹಾಸುಗಳ ಕೆಳಗಿದ್ದ ಒಂದೇ ಒಂದು ಕೂದಲು ಮೈಮೇಲೆ ಕೆಂಪು ಗೆರೆ ಮೂಡಿಸುತ್ತದೆ. ಒನಕೆ ಹಿಡಿದು ಕುಟ್ಟುವ ಕೈಗಳು ಕಥೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಆದರೆ ಆ ಸದ್ದನ್ನು ತರುವ ಮೂಲಕ ಕಥೆಗಾರ ದುಡಿಯುವವರನ್ನೂ ಸೊಗಸುಗಾರರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾನೆ. ಸತ್ತವನ ಬಾಯಿಂದ ಬದುಕಿರುವವರ ಶೋಕಿಯನ್ನು ನಗುತ್ತ ತೂಗಿನೋಡುವ ಈ ರೀತಿಯೇ ಇಂದಿನ ಲಘು ಪ್ರೇತಸಾಹಿತ್ಯದ ಜೀವಾಳ, ಮತ್ತು ಅದು ಭಾರತದಲ್ಲಿ ಹನ್ನೊಂದನೆಯ ಶತಮಾನದಲ್ಲಿಯೇ ಪೂರ್ಣವಾಗಿ ಬೆಳೆದಿತ್ತು.

ತಲೆಗಳು ಅದಲುಬದಲಾದ ಕಥೆ ಇನ್ನೂ ಹತ್ತಿರದ್ದು. ಧವಲನೆಂಬ ಅಗಸ ಯುವಕ ಇನ್ನೊಬ್ಬ ಅಗಸನ ಮಗಳಾದ ಮದನಸುಂದರಿಯನ್ನು ಮದುವೆಯಾಗುತ್ತಾನೆ. ಅವನ ಹೆಸರಿಗೆ ಬಿಳುಪು ಎಂಬ ಅರ್ಥ, ಮಾವನ ಹೆಸರು ಶುದ್ಧಪಟ, ಎಂದರೆ ಮಡಿಯಾದ ಬಟ್ಟೆ. ಗೌರಿಯ ಗುಡಿಯಲ್ಲಿ ಧವಲನೂ ಅವನ ಭಾವಮೈದುನನೂ ತಲೆ ಕಡಿದುಕೊಂಡಾಗ, ದೇವಿಯ ವರದಿಂದ ಅವರನ್ನು ಬದುಕಿಸಲು ಹೊರಟ ಮದನಸುಂದರಿ ಗಾಬರಿಯಲ್ಲಿ ರುಂಡಗಳನ್ನು ಅದಲುಬದಲಾಗಿ ಜೋಡಿಸುತ್ತಾಳೆ. ಈ ಕಥೆಯನ್ನು ಜರ್ಮನಿಯ ಥಾಮಸ್ ಮಾನ್ 1940ರಲ್ಲಿ ನೀಳ್ಗತೆಯಾಗಿಸಿದನು. ಗಿರೀಶ ಕಾರ್ನಾಡರು ಅದನ್ನು 1971ರ 'ಹಯವದನ' ನಾಟಕದಲ್ಲಿ ಯಕ್ಷಗಾನದ ರಂಗತಂತ್ರದೊಡನೆ ಬೆಸೆದರು. ಮೈ ಯಾರದು, ತಲೆ ಯಾರದು ಎಂದು ಕೇಳುವ ಈ ಕಥೆಯ ಪಾತ್ರಗಳನ್ನು ಸೋಮದೇವ ಬಟ್ಟೆ ಒಗೆಯುವ ಕುಲದಿಂದಲೇ ಆರಿಸಿದ್ದು ಬಹಳ ಅರ್ಥಪೂರ್ಣ, ಏಕೆಂದರೆ ಅಗಸನ ಕೈಯಲ್ಲಿ ಊರಿನ ಎಲ್ಲರ ಬಟ್ಟೆಯೂ ಒಮ್ಮೆ ಮೈಬಿಟ್ಟು ಬರುತ್ತದೆ, ಯಾವುದು ಯಾರದೆಂದು ತಪ್ಪದೆ ಗುರುತಿಸುವುದೇ ಅವನ ವಿದ್ಯೆ.

ಕಲ್ಯಾಣವನ್ನು ಕುರಿತು ಬರೆಯುವಾಗ ವಚನ ಚಳವಳಿಯ ಶರಣರನ್ನು ಬಿಡುವಂತಿಲ್ಲ. ಅರಮನೆಯ ಬೆಡಗಿಗೂ ಪ್ರೇತದ ಭಯಕ್ಕೂ ಒಮ್ಮೆಗೇ ಉತ್ತರ ಕೊಟ್ಟವರು ಅವರು. ಕಲಚುರಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನು ಮಾರಿ ಮಸಣಿಗಳು ಬೇರೆಲ್ಲೂ ಇಲ್ಲ, ಮನುಷ್ಯನ ತಪ್ಪು ನಡೆನುಡಿಗಳಲ್ಲಿಯೇ ಇವೆ ಎಂದು ಹೇಳಿದನು. ಬಟ್ಟೆಯ ಕಸುಬಿನವರು ಆ ಚಳವಳಿಯಲ್ಲಿ ಮುಂದಿನ ಸಾಲಿನಲ್ಲಿದ್ದರು: ಮಡಿವಾಳ ಮಾಚಿದೇವ ಬಟ್ಟೆ ಒಗೆದನು, ಸೂಜಿಕಾಯಕದ ರಾಮಿತಂದೆ ಹೊಲಿದನು. ಕನ್ನಡಿಯನ್ನೇ ಕಾಯಕ ಮಾಡಿಕೊಂಡ ಅಮ್ಮಿದೇವಯ್ಯ ಮತ್ತು ರೇಮಮ್ಮ ಎಂಬ ವಚನಕಾರರೂ ಇದ್ದರು. ಉಡುಪನ್ನೇ ತ್ಯಜಿಸಿ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಕೂದಲನ್ನೇಕೆ ಮರೆಮಾಡಿಕೊಂಡಿರುವೆಯೆಂದು ಪರೀಕ್ಷಿಸಿದ ಪ್ರಸಂಗ 'ಶೂನ್ಯಸಂಪಾದನೆ'ಯಿಂದ ಎಲ್ಲರಿಗೂ ತಿಳಿದದ್ದೇ. ಕಾಶ್ಮೀರದ ನಂಟು ಇಲ್ಲಿಯೂ ಮರುಕಳಿಸುತ್ತದೆ: ಶರಣ ಪರಂಪರೆಯ ಪ್ರಕಾರ ಕಾಶ್ಮೀರದ ಅರಸನೊಬ್ಬ ರಾಜ್ಯವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರುವ ಮೋಳಿಗೆ ಮಾರಯ್ಯನಾದನು, ಅದೇ ನಾಡಿನ ರಾಜಕುಮಾರಿಯೊಬ್ಬಳು ಪಟ್ಟೆಪೀತಾಂಬರಗಳನ್ನು ತೊರೆದು ಬೊಂತೆಯನ್ನು ಹೊದ್ದು ಬೊಂತಾದೇವಿಯಾದಳು. ಬೊಂತೆ ಎಂದರೆ ಹರಿದ ಬಟ್ಟೆಗಳ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ. ಒಂದು ಶತಮಾನದಲ್ಲಿ ಕರ್ಣಾಟದ ಠೀವಿ ಕಾಶ್ಮೀರಕ್ಕೆ ಹೋಯಿತು, ಮರುಶತಮಾನದಲ್ಲಿ ಕಾಶ್ಮೀರದ ರಾಜಕುಮಾರಿ ಕಲ್ಯಾಣದಲ್ಲಿ ಕೌದಿ ಹೊದ್ದಳು. ಉಡುಪಿನ ಚರಿತ್ರೆ ಬರೆಯುವವರು ಈ ಎರಡನ್ನೂ ಜೊತೆಯಾಗಿ ಓದಬೇಕು.

ಅರಮನೆಯ ಬೆಡಗನ್ನು ಕಣ್ಣಾರೆ ನೋಡಬಯಸುವವರಿಗೆ ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಶಿವಾಲಯವೂ, ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಕಲ್ಮೇಶ್ವರ ದೇವಾಲಯವೂ ಇವೆ. ಜಲಸಂಗಿಯ ಗುಡಿಯ ಹೊರಗೋಡೆಗಳ ಶಿಲಾಬಾಲಿಕೆಯರ ತುರುಬು, ಕೊರಳ ಹಾರ, ಸೊಂಟದ ಡಾಬು, ಕಾಲಂದುಗೆಗಳನ್ನು ನೋಡಿದರೆ ಮಾನಸೋಲ್ಲಾಸದ ಅಧ್ಯಾಯಗಳು ಕಲ್ಲಿನಲ್ಲಿ ಮೂಡಿನಿಂತಂತೆ ಭಾಸವಾಗುತ್ತದೆ. ಅವರಲ್ಲಿ ಒಬ್ಬಳು ಬೆನ್ನು ತುಸು ತಿರುಗಿಸಿ ನಿಂತು ಫಲಕದ ಮೇಲೆ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತಿದ್ದಾಳೆ; ಆ ಅಕ್ಷರಗಳನ್ನು ಇಂದಿಗೂ ಓದಬಹುದು. ಚಾಲುಕ್ಯರ ಸಾಮಂತರಾಗಿದ್ದ ಹೊಯ್ಸಳರು 1117ರಲ್ಲಿ ಬೇಲೂರಿನಲ್ಲಿ ಕಟ್ಟಿಸಿದ ಗುಡಿಯ ದರ್ಪಣಸುಂದರಿ ಮುಂತಾದ ಮದನಿಕೆಯರಿಗೆ ಜಲಸಂಗಿಯ ಬಾಲಿಕೆಯರೇ ಪೂರ್ವಜರೆಂದು ಕಲಾವಿಮರ್ಶಕರು ಗುರುತಿಸಿದ್ದಾರೆ. ಮುಪ್ಪಿಲ್ಲದ, ನಿದ್ದೆಯಿಲ್ಲದ, ಒಂಬತ್ತು ಶತಮಾನಗಳಿಂದ ಒಂದೇ ಭಂಗಿಯಲ್ಲಿ ನಿಂತ ಈ ಚೆಲುವೆಯರಿಗಿಂತ ತಕ್ಕ ರೂಪದರ್ಶಿಯರು ಪ್ರೇತಕಥೆಯ ಬರಹಗಾರನಿಗೆ ಬೇರೆಲ್ಲಿ ಸಿಕ್ಕಾರು?

ಜನಪದದಲ್ಲಿಯೂ ಇರುಳುಜೀವಗಳಿಗೆ ಉಡುಪಿನ ಅಗತ್ಯವಿದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಅರವಲಿಯಲ್ಲಿ ವೇತೋಬಾ ಎಂದು ಪೂಜೆಗೊಳ್ಳುವ ವೇತಾಳನಿಗೆ ಧೋತರ ಉಡಿಸುತ್ತಾರೆ, ಭಕ್ತರು ದೊಡ್ಡ ದೊಡ್ಡ ಚರ್ಮದ ಚಪ್ಪಲಿಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಊರು ಕಾಯಲು ರಾತ್ರಿಯೆಲ್ಲ ನಡೆಯುವುದರಿಂದ ಅವು ಸವೆಯುತ್ತವೆಂಬುದು ನಂಬಿಕೆ. ಬಸವಕಲ್ಯಾಣದ ನೆರೆಯ ಆಳಂದ ತಾಲ್ಲೂಕಿನ ಗೋಳಾ ಗ್ರಾಮದ ಲಕ್ಕಮ್ಮ ದೇವಿಗೂ ಚಪ್ಪಲಿ ಕಟ್ಟುವ ಹರಕೆಯುಂಟು, ದೇವಿ ಅವನ್ನು ಮೆಟ್ಟಿಕೊಂಡು ಇರುಳಿನಲ್ಲಿ ತಿರುಗುತ್ತಾಳೆಂದು ಜನ ಹೇಳುತ್ತಾರೆ. ಹುಮನಾಬಾದಿನ ವೀರಭದ್ರೇಶ್ವರನಾದರೋ ಭೂತಗಣಗಳ ನಾಯಕ. ಅವನ ಭಕ್ತರಾದ ಪುರವಂತರು ಕಾವಿಯ ಕಚ್ಚೆ, ರುದ್ರಾಕ್ಷಿ, ಗೆಜ್ಜೆ, ಕತ್ತಿಗಳೊಡನೆ ವೇಷ ಧರಿಸಿ ಒಡಪು ಹೇಳುವಾಗ ರೌದ್ರವೂ ಅಲಂಕಾರವೂ ಬೇರ್ಪಡಿಸಲಾಗದಂತೆ ಬೆರೆಯುತ್ತವೆ. ಬೀದರಿನ ಬಿದರಿ ಕಸುಬಿನಲ್ಲಿ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಲೋಹದ ಮೇಲೆ ಬೆಳ್ಳಿಯ ಎಳೆ ಹೊಳೆಯುವುದನ್ನು ನೋಡಿದವರಿಗೆ, ಇರುಳಿನ ಲೋಕಕ್ಕೆ ತಕ್ಕ ಆಭರಣ ಯಾವುದೆಂದು ಬೇರೆ ಹೇಳಬೇಕಿಲ್ಲ.

ಇತ್ತೀಚಿನ ಚಲನಚಿತ್ರಗಳು ಈ ದಾರಿಯನ್ನು ಈಗಾಗಲೇ ಹಿಡಿದಿವೆ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಇರುಳು ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಜನರು ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡಿದ್ದರು. ಓದಲು ಬರುವ, ಓದಿದ್ದನ್ನು ನಂಬಿ ಹಿಂದಿರುಗುವ ಆ ದೆವ್ವದ ಕಲ್ಪನೆಯಲ್ಲೇ ನಗೆಯ ಬೀಜವಿತ್ತು. ಅಮರ್ ಕೌಶಿಕ್ ನಿರ್ದೇಶಿಸಿದ 2018ರ ಹಿಂದಿ ಚಿತ್ರ 'ಸ್ತ್ರೀ' ಈ ಕಲ್ಪನೆಯನ್ನು ಸೀರೆಗೆ ಹೆಸರಾದ ಮಧ್ಯಪ್ರದೇಶದ ಚಂದೇರಿಗೆ ಕೊಂಡೊಯ್ದು, ಹೆಂಗಸರ ಬಟ್ಟೆ ಹೊಲಿಯುವ ದರ್ಜಿಯನ್ನು ನಾಯಕನನ್ನಾಗಿಸಿತು. 2025ರ 'ಥಾಮಾ' ಚಿತ್ರದಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಬೇತಾಳ ಕುಲದ ತರುಣಿಯಾಗಿ ನಟಿಸಿದ್ದಾರೆ. ಕನ್ನಡದಲ್ಲಿ 2004ರ 'ಆಪ್ತಮಿತ್ರ'ದ ನಾಗವಲ್ಲಿಯ ಸೀರೆ ಒಡವೆಗಳನ್ನು ಯಾರೂ ಮರೆತಿಲ್ಲ. ಆದರೆ ಕನ್ನಡನಾಡಿನ ಬಾಗಿಲಿನಿಂದ ಹೊರಟ ದೆವ್ವ ಚಂದೇರಿಯ ದರ್ಜಿಯ ಅಂಗಡಿ ಸೇರಿ ಹಿಂದಿಯಲ್ಲಿ ಜನಪ್ರಿಯವಾಯಿತೇ ಹೊರತು, ಕನ್ನಡದ ಗದ್ಯದಲ್ಲಿ ಅದಕ್ಕೆ ತಕ್ಕ ಜಾಗ ಸಿಕ್ಕಿಲ್ಲವೆಂಬುದು ಕೊರಗಿನ ಸಂಗತಿ. ಪಶ್ಚಿಮದ ಕರಿಯ ನಿಲುವಂಗಿಯನ್ನು ಎರವಲು ತಂದು ಬೆಂಗಳೂರಿನ ಫ್ಯಾಷನ್ ವೇದಿಕೆಯ ಮೇಲೆ ನಿಲ್ಲಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಹುಮನಾಬಾದಿನ ಪೇಟೆಯಲ್ಲಿ ಮೂರು ನಾಲ್ಕು ಭಾಷೆಗಳಲ್ಲಿ ಗಿರಾಕಿಯ ಅಳತೆ ತೆಗೆದುಕೊಳ್ಳುವ ದರ್ಜಿ, ಇವೆಲ್ಲದರ ನಡುವೆ ಸಹಜವಾಗಿ ಓಡಾಡಬಲ್ಲ ವೇತಾಳ ಬೇಕು.

ಕನ್ನಡದ ಪತ್ರಿಕೆಗಳು ಪ್ರತಿವರ್ಷ ಅಮಾವಾಸ್ಯೆಯ ಹಬ್ಬವಾದ ದೀಪಾವಳಿಗೆ ವಿಶೇಷಾಂಕಗಳನ್ನು ತರುತ್ತವೆ, ಕಥಾಸ್ಪರ್ಧೆಗಳನ್ನು ನಡೆಸುತ್ತವೆ. ಅವುಗಳ ಸಂಪಾದಕರು ಕೆಲವು ಪುಟಗಳನ್ನು ಲಘು ಧಾಟಿಯ ಪ್ರೇತಕಥೆಗೆ ಮೀಸಲಿಡಬೇಕು. ಬಸವಕಲ್ಯಾಣ, ಹುಮನಾಬಾದುಗಳ ತರುಣ ಬರಹಗಾರರು ಮಾನಸೋಲ್ಲಾಸದ ವಸ್ತ್ರಾಧ್ಯಾಯವನ್ನೂ ಹರ್ಷನ ಪ್ರಸಂಗವನ್ನೂ ಒಮ್ಮೆ ಓದಿ, ಜಲಸಂಗಿಯ ಗುಡಿಯನ್ನು ಒಮ್ಮೆ ಸುತ್ತಿಬಂದು, ತಮ್ಮ ಸೀಮೆಯ ಮಾತಿನಲ್ಲಿಯೇ ಆ ಪುಟಗಳಿಗೆ ಬರೆಯಬೇಕು.